ಹಳೆಯ 8 ಎಂಎಂ, 16 ಎಂಎಂ ಪ್ರೊಜೆಕ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಬೆಳಗಾವಿಯ ಟಿಳಕವಾಡಿಯಲ್ಲಿ. ಇಪ್ಪತ್ತು ವರ್ಷದಿಂದ ಹಳೆಯ ಸಣ್ಣ ಗೇಜ್, ಅಂದರೆ ಕಡಿಮೆ ಅಗಲದ ಫಿಲ್ಮಿನ ಪ್ರೊಜೆಕ್ಟರ್‌ಗಳನ್ನು ಕೂಡಿಸುತ್ತಾ, ರಿಪೇರಿ ಮಾಡುತ್ತಾ ಬಂದಿದ್ದೇನೆ. ಗೋಕಾಕ, ಅಥಣಿ, ಜಮಖಂಡಿ, ವಿಜಯಪುರ ಕಡೆಯಿಂದ ಆಗಾಗ ಫೋನ್ ಬರುತ್ತದೆ. "ಅಟ್ಟದ ಮೇಲೆ ಒಂದು ಮಷೀನು ಸಿಕ್ಕಿದೆ, ಏನು ಮಾಡೋದು?" ಅಂತ ಕೇಳುತ್ತಾರೆ. ಎಲ್ಲರಿಗೂ ಹೇಳಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಷೀನು ಕೆಟ್ಟರೆ ಸರಿ ಮಾಡಬಹುದು, ಫಿಲ್ಮ್ ಕೆಟ್ಟರೆ ಆಗುವುದಿಲ್ಲ. ಹಾಗಾಗಿ ಮಷೀನು ಸರಿಯಿದೆ ಅಂತ ಖಾತ್ರಿಯಾಗುವ ತನಕ ಮನೆಯ ಫಿಲ್ಮ್ ಅದರ ಹತ್ತಿರ ಬರಬಾರದು.

ಮನೆಯಲ್ಲಿ ರೀಲು ಸಿಕ್ಕಿದೆ. ಯಾವ ಗೇಜ್ ಅಂತ ಹೇಗೆ ತಿಳಿಯುವುದು?

ಸ್ಕೇಲ್ ಇಟ್ಟು ಅಗಲ ಅಳೆಯಿರಿ. 16 ಮಿಲಿಮೀಟರ್ ಇದ್ದರೆ 16 ಎಂಎಂ. ಇದು ಕೊಡಾಕ್ 1923ರಲ್ಲಿ ತಂದ ಗೇಜ್. ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದದ್ದು 1924ರ ಡಿಸೆಂಬರ್‌ನಲ್ಲಿ. ಅಂದರೆ ಆಗ ಈ ಗೇಜ್ ಇನ್ನೂ ಹೊಸದು.

8 ಮಿಲಿಮೀಟರ್ ಇದ್ದರೆ ಇನ್ನೊಂದು ಸಲ ನೋಡಬೇಕು, ಯಾಕಂದ್ರೆ ಇದರಲ್ಲಿ ಎರಡು ಜಾತಿ. 1932ರಲ್ಲಿ ಬಂದದ್ದು ಸ್ಟ್ಯಾಂಡರ್ಡ್ 8. ಅದರ ಅಂಚಿನ ತೂತು ದೊಡ್ಡದು, ಎರಡು ಚಿತ್ರಗಳ ನಡುವಿನ ಗೆರೆಯ ಪಕ್ಕ ಇರುತ್ತದೆ. 1965ರಲ್ಲಿ ಬಂದದ್ದು ಸೂಪರ್ 8. ತೂತು ಚಿಕ್ಕದು, ಚಿತ್ರದ ನಡುಮಧ್ಯಕ್ಕೆ ಸರಿಯಾಗಿ ಇರುತ್ತದೆ. ರೀಲಿನ ನಡುವಿನ ರಂಧ್ರ ನೋಡಿಯೂ ಹೇಳಬಹುದು: ಸ್ಟ್ಯಾಂಡರ್ಡ್ 8ರದ್ದು ಸಣ್ಣದು, ಸೂಪರ್ 8ರದ್ದು ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. ಒಂದರ ಫಿಲ್ಮ್ ಇನ್ನೊಂದರ ಮಷೀನಿನಲ್ಲಿ ಓಡುವುದಿಲ್ಲ. ಎರಡಕ್ಕೂ ಹೊಂದುವ ಡ್ಯುಯಲ್ ಮಷೀನುಗಳು ಬೇರೆ ಇವೆ.

ತೂತು ಅಂಚಿನಲ್ಲಿ ಇಲ್ಲದೆ ಫಿಲ್ಮಿನ ನಡುವೆ ಇದ್ದರೆ ಅದು 9.5 ಎಂಎಂ. ಫ್ರಾನ್ಸಿನ ಪಾಥೆ ಕಂಪನಿ 1922ರಲ್ಲಿ ತಂದದ್ದು. ಅದು ಸಿಕ್ಕರೆ ಜೋಪಾನವಾಗಿ ಸುತ್ತಿಡಿ, ಓಡಿಸಲು ಹೋಗಬೇಡಿ.

ಇನ್ನೊಂದು ಎಚ್ಚರಿಕೆ. 16 ಎಂಎಂ ಫಿಲ್ಮಿಗೆ ಎರಡೂ ಅಂಚಿನಲ್ಲಿ ತೂತಿದ್ದರೆ ಸಾಮಾನ್ಯವಾಗಿ ಅದು ಮೂಕಿ. ಒಂದೇ ಅಂಚಿನಲ್ಲಿದ್ದರೆ ಇನ್ನೊಂದು ಅಂಚಿನಲ್ಲಿ ಸೌಂಡ್ ಟ್ರ್ಯಾಕ್ ಇರಬಹುದು. ಬಹಳ ಹಳೆಯ ಮೂಕಿ ಪ್ರೊಜೆಕ್ಟರ್‌ಗಳ ಸ್ಪ್ರಾಕೆಟ್‌ಗೆ, ಅಂದರೆ ಫಿಲ್ಮ್ ಸಾಗಿಸುವ ಹಲ್ಲಿನ ಚಕ್ರಕ್ಕೆ, ಎರಡೂ ಕಡೆ ಹಲ್ಲು ಇರುತ್ತವೆ. ಅದಕ್ಕೆ ಸೌಂಡ್ ಫಿಲ್ಮ್ ಹಾಕಿದರೆ ಟ್ರ್ಯಾಕಿನ ಉದ್ದಕ್ಕೂ ತೂತು ಹೊಡೆದುಕೊಂಡು ಹೋಗುತ್ತದೆ.

ಅಜ್ಜನ ಪ್ರೊಜೆಕ್ಟರ್ ಸಿಕ್ಕಿದೆ. ಮೊದಲು ಏನು ಮಾಡಲಿ?

ಪ್ಲಗ್ ಹಾಕಬೇಡಿ. ಎಲ್ಲರೂ ಮೊದಲು ಮಾಡುವುದು ಅದನ್ನೇ. ನಲವತ್ತು ವರ್ಷ ಮಲಗಿದ್ದ ಮಷೀನಿಗೆ ಏಕಾಏಕಿ 230 ವೋಲ್ಟ್ ಕೊಟ್ಟರೆ ಕಂಡೆನ್ಸರ್ ಸಿಡಿಯಬಹುದು, ಗಟ್ಟಿಯಾದ ಗ್ರೀಸಿನಲ್ಲಿ ಮೋಟಾರು ಸಿಕ್ಕಿಕೊಂಡು ಸುಡಬಹುದು.

ಮೊದಲು ವಯರ್ ನೋಡಿ. ಹಳೆಯ ರಬ್ಬರ್ ವಯರ್ ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅಂಥದ್ದನ್ನು ಕಿತ್ತು ಮೂರು ತಂತಿಯ ಹೊಸ ವಯರ್ ಹಾಕಿಸಿ, ಲೋಹದ ಮೈಗೆ ಅರ್ಥ್ ಕೊಡಿಸಿ. ಆಮೇಲೆ ಬದಿಯಲ್ಲಿರುವ ಕೈ ತಿರುಗಣೆಯನ್ನು ಮೆಲ್ಲಗೆ ತಿರುಗಿಸಿ. ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಒತ್ತಾಯ ಮಾಡಬೇಡಿ, ಒಳಗಿನ ಗ್ರೀಸು ಮೇಣವಾಗಿದೆ ಅಂತ ಅರ್ಥ. ಹಳೆಯದನ್ನು ತೆಗೆದು ಒರೆಸಿ ಹೊಸದು ಹಾಕಬೇಕು.

ಎಲ್ಲ ಸಡಿಲಾದ ಮೇಲೆ ಸೀರೀಸ್ ಬೋರ್ಡಿನಲ್ಲಿ ಹಾಕಿ. ಯಾವುದೇ ಎಲೆಕ್ಟ್ರಿಷಿಯನ್ ಹತ್ತಿರ ಇರುತ್ತದೆ: ಒಂದು 100 ವ್ಯಾಟ್ ಹಳೆಯ ಬಲ್ಬು, ಅದರ ಮೂಲಕ ಮಷೀನಿಗೆ ಕರೆಂಟು. ಪ್ರೊಜೆಕ್ಟರ್ ಲ್ಯಾಂಪ್ ತೆಗೆದಿಡಿ, ಮೋಟಾರು ಒಂದನ್ನೇ ಹಾಕಿ. ಬೋರ್ಡಿನ ಬಲ್ಬು ಪೂರ್ತಿ ಬೆಳಗಿ ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ, ಅಥವಾ ಮೋಟಾರು ತಿರುಗದೆ ಹಿಡಿದುಕೊಂಡಿದೆ. ಮಂಕಾಗಿ ಉರಿದು ಮೋಟಾರು ನಿಧಾನವಾಗಿ ತಿರುಗಿದರೆ ಒಳ್ಳೆಯ ಲಕ್ಷಣ. ಆಮೇಲೆ ನೇರ ಕರೆಂಟಿಗೆ ಹಾಕಿ, ಅರ್ಧ ಗಂಟೆ ಫಿಲ್ಮ್ ಇಲ್ಲದೆ ಓಡಿಸಿ, ಪಕ್ಕದಲ್ಲೇ ಕೂತು ಸದ್ದು ಕೇಳಿ.

ನಮ್ಮ ಕಡೆ ಇವು ಎಲ್ಲಿ ಸಿಗುತ್ತವೆ?

ನನಗೆ ಹೆಚ್ಚು ಸಿಕ್ಕಿದ್ದು ಭಂಗಾರದ ಅಂಗಡಿಗಳಲ್ಲಿ. ಹೊರಗಿನವರಿಗಾಗಿ ಹೇಳುತ್ತೇನೆ, ಗುಜರಿಗೆ ನಾವು ಭಂಗಾರ ಅನ್ನುತ್ತೇವೆ. ಹಳೆಯ ಕಾಲೇಜುಗಳು, ಸಹಕಾರಿ ಸಂಘಗಳು, ಕಾರ್ಖಾನೆಯ ಕ್ಲಬ್ಬುಗಳು ಗೋದಾಮು ಖಾಲಿ ಮಾಡುವಾಗ 16 ಎಂಎಂ ಮಷೀನುಗಳು ಹೊರಗೆ ಬರುತ್ತವೆ. ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ ಶುರುವಾದದ್ದು 1948ರಲ್ಲಿ. ಅದರ ಸಾಕ್ಷ್ಯಚಿತ್ರಗಳನ್ನು ವ್ಯಾನಿನಲ್ಲಿ ತಂದು, ಹಳ್ಳಿಯ ಗುಡಿ ಮುಂದೆ ಬಿಳಿ ಪರದೆ ಕಟ್ಟಿ ತೋರಿಸುತ್ತಿದ್ದರು. ಆ ಪರದೆಯ ಹಿಂದೆ ಕೂತು ಚಿತ್ರವನ್ನು ತಿರುಗುಮುರುಗಾಗಿ ನೋಡಿದವರು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಸಿಗುತ್ತಾರೆ.

8 ಎಂಎಂ ಸಿಗುವುದು ಮನೆಗಳಲ್ಲಿ. 1956ರ ತನಕ ಈ ಭಾಗವೆಲ್ಲ ಮುಂಬಯಿ ರಾಜ್ಯದಲ್ಲಿತ್ತು. ವ್ಯಾಪಾರ, ಓದು, ನೌಕರಿ ಎಲ್ಲಕ್ಕೂ ಜನ ಪುಣೆ, ಮುಂಬಯಿಗೆ ಹೋಗಿ ಬರುತ್ತಿದ್ದರು. ನಾನು ನೋಡಿದ ಮಷೀನುಗಳಲ್ಲಿ ಅರ್ಧಕ್ಕೆ ಮುಂಬಯಿಯ ಅಂಗಡಿಯ ಚೀಟಿ ಅಂಟಿರುತ್ತದೆ. ಈಗಲೂ ಬಿಡಿ ಭಾಗ ಬೇಕಾದರೆ ಮುಂಬಯಿಯ ಚೋರ್ ಬಜಾರಿಗೆ ಒಂದು ಸುತ್ತು ಹಾಕುತ್ತೇನೆ.

ಒಂದು ವಿನಂತಿ. ಮನೆಯವರಿಂದ ಮಷೀನು ಕೊಳ್ಳುವಾಗ ಅದರ ಜೊತೆಗಿರುವ ರೀಲುಗಳಲ್ಲಿ ಏನಿದೆ ಅಂತ ಅವರಿಗೆ ಮೊದಲು ತಿಳಿಸಿ. ಅವರ ತಾಯಿಯ ಮುಖ ಅದರಲ್ಲಿ ಇರಬಹುದು, ಅವರಿಗೇ ಗೊತ್ತಿರುವುದಿಲ್ಲ.

ಕೊಳ್ಳುವ ಮುಂಚೆ ಏನೇನು ನೋಡಬೇಕು?

ಲೆನ್ಸ್ ಇದೆಯಾ ನೋಡಿ. ಲೆನ್ಸ್ ಹೋಗಿದ್ದರೆ ಅದೇ ಅಳತೆಯದ್ದು ಹುಡುಕುವುದು ಕಷ್ಟ. ಇದ್ದರೆ ಬೆಳಕಿಗೆ ಹಿಡಿದು ನೋಡಿ. ಒಳಗೆ ಜೇಡರ ಬಲೆಯ ಹಾಗೆ ಎಳೆ ಕಂಡರೆ ಬೂಷ್ಟು ಹಿಡಿದಿದೆ. ಫಿಲ್ಮನ್ನು ಕೆಳಗೆ ಎಳೆಯುವ ಉಗುರಿನ, ಅಂದರೆ ಕ್ಲಾದ ತುದಿ ಸವೆದು ಗೀರು ಬಿದ್ದಿದೆಯಾ ನೋಡಿ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಬಹಳ ದುಡಿದ ಮಷೀನು. ನಾನು ಯಾವಾಗಲೂ ಚೀಲದಲ್ಲಿ ಐದು ಅಡಿ ಬೇಡದ ಫಿಲ್ಮ್ ಇಟ್ಟುಕೊಂಡಿರುತ್ತೇನೆ. ಅಂಗಡಿಯಲ್ಲೇ ಕೈಯಿಂದ ತಿರುಗಿಸಿ ಅದನ್ನು ದಾಟಿಸಿ ನೋಡುತ್ತೇನೆ.

ನಿಜಕ್ಕೂ ಅಪರೂಪದ್ದು ಯಾವುದು?

ಕೈಯಿಂದ ತಿರುಗಿಸುವ ಪಾಥೆ ಬೇಬಿ, 9.5 ಎಂಎಂದು. ಅದರ ಜಾಣತನ ನೋಡಿದರೆ ಖುಷಿಯಾಗುತ್ತದೆ. ಅಕ್ಷರದ ಫಲಕ ಬರುವ ಕಡೆ ಫಿಲ್ಮಿನ ಅಂಚಿಗೆ ಒಂದು ಕಚ್ಚು ಹಾಕಿರುತ್ತಾರೆ. ಕಚ್ಚು ಬಂದಾಗ ಹಿಡಿ ತಿರುಗುತ್ತಿದ್ದರೂ ಚಿತ್ರ ಕೆಲವು ಸೆಕೆಂಡು ಅಲ್ಲೇ ನಿಲ್ಲುತ್ತದೆ. ಫಿಲ್ಮ್ ಉಳಿತಾಯ! ಸ್ವಿಟ್ಜರ್ಲೆಂಡಿನ ಪೈಯಾರ್ ಬೋಲೆಕ್ಸ್ ಮಾಡಿದ, 8, 9.5, 16 ಮೂರನ್ನೂ ಓಡಿಸುವ ಮಷೀನು ಕೂಡ ಅಪರೂಪವೇ. ಜರ್ಮನಿಯ ಸೀಮೆನ್ಸ್ 2000 ಅಷ್ಟು ಅಪರೂಪವಲ್ಲ, ಆದರೆ ಅದರ ಕಟ್ಟುಮಸ್ತು ಮೈ ನೋಡಿದವರು ಬಿಡುವುದಿಲ್ಲ.

ಆದರೆ ಹೊಸಬರು ಅಪರೂಪದ್ದರ ಹಿಂದೆ ಬೀಳಬಾರದು ಅನ್ನುವುದು ನನ್ನ ಅಭಿಪ್ರಾಯ. ಜಪಾನಿನ ಎಲ್ಮೊ, ಐಕಿ, ಅಥವಾ ಆಸ್ಟ್ರಿಯಾದ ಯೂಮಿಗ್‌ನಿಂದ ಶುರು ಮಾಡಿ. ಬಿಡಿ ಭಾಗ, ಬಲ್ಬು, ಕೈಪಿಡಿ ಎಲ್ಲ ಸಿಗುತ್ತವೆ. ಕೈ ಪಳಗುತ್ತದೆ.

ಬೆಲೆ ಎಷ್ಟು ಕೊಡಬೇಕು?

ಇದಕ್ಕೆ ದರಪಟ್ಟಿ ಇಲ್ಲ. ಓಡದ ಮಷೀನಿಗೆ ಓಡುವ ಮಷೀನಿನ ಬೆಲೆ ಕೊಡಬೇಡಿ, ಅಷ್ಟೇ. "ಬಲ್ಬು ಒಂದು ಹೋಗಿದೆ, ಉಳಿದದ್ದು ಸರಿ ಇದೆ" ಅಂದರೆ ಓಡದ ಮಷೀನು ಅಂತಲೇ ಲೆಕ್ಕ ಹಿಡಿಯಿರಿ.

ಅಮೆರಿಕದ ಮಷೀನು, 110 ವೋಲ್ಟ್ ಅಂತ ಬರೆದಿದೆ. ಇಲ್ಲಿ ಓಡುತ್ತದಾ?

ಓಡುತ್ತದೆ, ಆದರೆ ಎರಡು ವಿಷಯ ಗಮನಿಸಿ. ಒಂದು, ವೋಲ್ಟೇಜ್. 230ರಿಂದ 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. 750 ವ್ಯಾಟ್ ಲ್ಯಾಂಪಿನ ಮಷೀನಿಗೆ ಮೋಟಾರು, ಫ್ಯಾನು ಸೇರಿ ಒಂದು ಸಾವಿರ ವ್ಯಾಟಿಗಿಂತ ಮೇಲಿನದ್ದೇ ಇರಲಿ. ನಮ್ಮ ಊರುಗಳಲ್ಲಿ ಪಂಪ್ ಮೋಟಾರು ವೈಂಡಿಂಗ್ ಮಾಡುವ ಅಂಗಡಿಗೆ ಬರವಿಲ್ಲ. ಅಲ್ಲಿ ಹೇಳಿದರೆ ಸುತ್ತಿಕೊಡುತ್ತಾರೆ. ಪ್ರವಾಸಕ್ಕೆ ಒಯ್ಯುವ ಸಣ್ಣ ಕನ್ವರ್ಟರ್ ಸಾಲದು.

ಎರಡನೆಯದು ಬಹಳ ಜನ ಮರೆಯುವ ವಿಷಯ. ಅಲ್ಲಿ ಕರೆಂಟು 60 ಹರ್ಟ್ಜ್, ಇಲ್ಲಿ 50. ಮೋಟಾರು ಇಂಡಕ್ಷನ್ ಜಾತಿಯದ್ದಾದರೆ ವೇಗ ಹರ್ಟ್ಜ್ ಮೇಲೆ ನಿಂತಿರುತ್ತದೆ. ಸೆಕೆಂಡಿಗೆ 24 ಚಿತ್ರ ಓಡಬೇಕಾದದ್ದು 20ಕ್ಕೆ ಇಳಿಯುತ್ತದೆ, ಹಾಡು ಎಳೆದೆಳೆದು ಕೇಳುತ್ತದೆ. ಇದಕ್ಕೆ 50 ಹರ್ಟ್ಜ್‌ನ ಪುಲ್ಲಿ ಬದಲಾಯಿಸಬೇಕು. ಮೋಟಾರಿಗೆ ಕಾರ್ಬನ್ ಬ್ರಶ್ ಇದ್ದರೆ, ಅಂದರೆ ನಮ್ಮ ಅಡುಗೆಮನೆ ಮಿಕ್ಸರ್‌ನಲ್ಲಿ ಇರುವ ಜಾತಿಯದ್ದಾದರೆ, ಈ ತೊಂದರೆ ಇಲ್ಲ.

ಬಲ್ಬು ಸಿಗುತ್ತದಾ?

ಹೊಸ ಕಾಲದ ಹ್ಯಾಲೊಜನ್ ಮಷೀನುಗಳದ್ದು ಸಿಗುತ್ತದೆ. 12 ವೋಲ್ಟ್ 100 ವ್ಯಾಟ್, 15 ವೋಲ್ಟ್ 150 ವ್ಯಾಟ್, 24 ವೋಲ್ಟ್ 250 ವ್ಯಾಟ್, ಇವು ಹೆಚ್ಚು ಬಳಕೆಯವು. ಹಳೆಯ ಬಲ್ಬಿನ ಮೇಲಿನ ಮೂರಕ್ಷರದ ಕೋಡ್ ಬರೆದುಕೊಂಡು ಕೇಳಿ. ಹ್ಯಾಲೊಜನ್ ಗಾಜನ್ನು ಬರಿಗೈಯಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಕಾಯ್ದು ಗಾಜು ಕೆಡುತ್ತದೆ. ಆಟ ಮುಗಿದ ಮೇಲೆ ಲ್ಯಾಂಪ್ ಆರಿಸಿ, ಫ್ಯಾನನ್ನು ಎರಡು ಮೂರು ನಿಮಿಷ ಬಿಡಿ. ಬಿಸಿ ಇರುವಾಗ ಮಷೀನು ಎತ್ತಬೇಡಿ. ಹ್ಯಾಲೊಜನ್‌ಗೆ ಮುಂಚಿನ ಕಾಲದ ದೊಡ್ಡ ಟಂಗ್‌ಸ್ಟನ್ ಬಲ್ಬುಗಳು ಸಿಕ್ಕಿದಾಗ ಎರಡು ತೆಗೆದಿಟ್ಟುಕೊಳ್ಳಿ.

ಎಲ್‌ಇಡಿ ಹಾಕಿದರೆ ತಪ್ಪಾ?

ತಪ್ಪಲ್ಲ. ಬಿಸಿ ಕಡಿಮೆ, ಫಿಲ್ಮಿಗೂ ಒಳ್ಳೆಯದು. ಆದರೆ ಮೂಲ ವಯರಿಂಗ್ ಕತ್ತರಿಸಬೇಡಿ, ಬೇಕೆಂದಾಗ ಹಳೆಯ ಸ್ಥಿತಿಗೆ ತರುವಂತಿರಲಿ. ಎಲ್‌ಇಡಿಗೆ ಕರೆಂಟು ಕೊಡುವ ಡ್ರೈವರ್ ಅಗ್ಗದ್ದು ಹಾಕಿದರೆ ಅದರ ಮಿಣುಕು ಶಟರಿನ (ತಿರುಗುತ್ತಾ ಬೆಳಕನ್ನು ತಡೆದು ಬಿಡುವ ರೆಕ್ಕೆಯ) ಜೊತೆ ಸೇರಿ ಪರದೆಯ ಮೇಲೆ ಬೆಳಕು ತುಯ್ದಾಡುತ್ತದೆ. ಒಂದೇ ಸಮ ಡಿಸಿ ಕೊಡುವ ಡ್ರೈವರ್ ಹಾಕಿ.

ಬೆಲ್ಟು ಅಂಟಂಟಾಗಿದೆ, ಗಿಯರ್ ಸೀಳಿದೆ. ಏನು ದಾರಿ?

ರಬ್ಬರು ಮುಪ್ಪಾದರೆ ಎರಡು ರೀತಿ ಕೆಡುತ್ತದೆ. ಒಂದೋ ಕಲ್ಲಾಗುತ್ತದೆ, ಇಲ್ಲ ಬೆಲ್ಲದ ಪಾಕದ ಹಾಗೆ ಕರಗುತ್ತದೆ. ಕರಗಿದ್ದನ್ನು ಪುಲ್ಲಿಯ ತೋಡಿನಿಂದ ಪೂರ್ತಿ ಒರೆಸಿ ತೆಗೆಯಬೇಕು. ಅಳತೆಯ ರಬ್ಬರ್ ಬೆಲ್ಟ್ ಸಿಗದಿದ್ದರೆ ಕಾರ್ಖಾನೆಗಳಲ್ಲಿ ಬಳಸುವ ದುಂಡನೆ ಪಾಲಿಯುರೆಥೇನ್ ದಾರ ತನ್ನಿ. ಬೇಕಾದಷ್ಟು ಕತ್ತರಿಸಿ, ಎರಡು ತುದಿ ಬಿಸಿ ಬ್ಲೇಡಿಗೆ ತಾಗಿಸಿ ಒತ್ತಿದರೆ ಅಂಟಿಕೊಳ್ಳುತ್ತದೆ.

ಬೆಲ್ ಅಂಡ್ ಹೊವೆಲ್‌ನ ಕೆಲವು 16 ಎಂಎಂ ಮಾದರಿಗಳಲ್ಲಿ ಪ್ಲಾಸ್ಟಿಕ್ ವರ್ಮ್ ಗಿಯರ್ ಇದೆ. ವಯಸ್ಸಾದಂತೆ ಅದು ಸೀಳುತ್ತದೆ. ಇದು ಎಲ್ಲ ಕಡೆಯ ಸಂಗ್ರಹಕಾರರಿಗೂ ಗೊತ್ತಿರುವ ರೋಗ. ಬದಲಿ ಗಿಯರ್ ಹೊರದೇಶದಿಂದ ತರಿಸಬಹುದು. ಉಳಿದ ಲೋಹದ ಭಾಗಗಳ ಮಟ್ಟಿಗೆ ಬೆಳಗಾವಿಯವರು ಪುಣ್ಯವಂತರು. ಉದ್ಯಮಬಾಗದಲ್ಲಿ ಲೇಥ್ ಅಂಗಡಿಗಳ ಸಾಲೇ ಇದೆ. ಮುರಿದ ಬುಶ್ ಒಯ್ದು ಟರ್ನರ್ ಕೈಗೆ ಕೊಟ್ಟರೆ ವರ್ನಿಯರ್ ಹಿಡಿದು ಅಳೆದು, ಹಿತ್ತಾಳೆಯ ತುಂಡಿನಲ್ಲಿ ಅಲ್ಲೇ ಕಡೆದು ಕೊಡುತ್ತಾರೆ. ನಾನು ಹೋಗುವ ಅಂಗಡಿಯವರು ಮೊದಲ ಸಲ "ಇದು ಯಾವ ಪಂಪಿಂದ್ರೀ?" ಅಂತ ಕೇಳಿದ್ದರು. ಆಮೇಲೆ ಒಂದು ಸಂಜೆ ಮನೆಗೆ ಬಂದು, ತಾವು ಕಡೆದ ಬುಶ್ ಮೇಲೆ ರೀಲು ಓಡುವುದನ್ನು ನೋಡಿ ಹೋದರು.

ಯಾವ ಎಣ್ಣೆ, ಎಷ್ಟು?

ಹೊಲಿಗೆ ಮಷೀನಿನ ಎಣ್ಣೆ, ಎಣ್ಣೆ ರಂಧ್ರಕ್ಕೆ ಒಂದೊಂದೇ ಹನಿ. ಜಾಸ್ತಿ ಹಾಕಿದರೆ ಗೇಟಿಗೂ (ಲೆನ್ಸಿನ ಹಿಂದೆ ಫಿಲ್ಮ್ ಹಾದುಹೋಗುವ ಕಿಂಡಿ) ಫಿಲ್ಮಿಗೂ ಹಾರುತ್ತದೆ. ಕೊಬ್ಬರಿ ಎಣ್ಣೆ ಬೇಡ.

ಗೇಟ್ ಸ್ವಚ್ಛ ಮಾಡುವುದು ಅಷ್ಟು ಮುಖ್ಯವಾ?

ಎಲ್ಲಕ್ಕಿಂತ ಮುಖ್ಯ. ಇದನ್ನು ಕಲಿತದ್ದು ಹೇಗೆ ಅಂತ ಹೇಳುತ್ತೇನೆ.

ಶುರುವಿನ ವರ್ಷಗಳಲ್ಲಿ ಗೋಕಾಕ ಕಡೆಯ ಒಂದು ಮನೆಯವರು ಸ್ಟ್ಯಾಂಡರ್ಡ್ 8 ರೀಲು ತಂದರು. ಅವರ ತಂದೆ ತಾಯಿಯ ಮದುವೆ, ಕಪ್ಪು ಬಿಳುಪು, ನಾಲ್ಕು ನಿಮಿಷದ್ದು. ಅದೊಂದೇ ಪ್ರತಿ. ನಾನು ಆಗಷ್ಟೇ ರಿಪೇರಿ ಮುಗಿಸಿದ ಮಷೀನಿಗೆ ಅದನ್ನೇ ಹಾಕಿದೆ. ಗೇಟಿನ ಮೂಲೆಯಲ್ಲಿ, ಹಿಂದೆ ಯಾವುದೋ ಫಿಲ್ಮಿನಿಂದ ಉದುರಿದ ಕೆನೆ, ಅಂದರೆ ಚಿತ್ರ ಮೂಡುವ ಲೇಪ, ಗಟ್ಟಿಯಾಗಿ ಅಂಟಿತ್ತು, ಅರ್ಧ ಸಾಸಿವೆ ಕಾಳಿನಷ್ಟು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ರೀಲು ಮುಗಿದ ಮೇಲೆ ಬೆಳಕಿಗೆ ಹಿಡಿದರೆ, ಮೊದಲಿಂದ ಕೊನೆತನಕ ಒಂದು ಸಣ್ಣ ಬಿಳಿ ಗೆರೆ. ಅಕ್ಷತೆ ಬೀಳುವ ಹೊತ್ತಿನಲ್ಲಿ ಅದು ಮದುಮಗಳ ಕೆನ್ನೆಯ ಮೇಲೆ ಹಾದು ಹೋಗಿತ್ತು. ಅವರಿಗೆ ಹೇಳಿದೆ. "ಇರ್ಲಿ ಬಿಡ್ರಿ, ಅವ್ವನ ಮಾರಿ ಕಂಡ್ತಲ್ಲ" ಅಂದರು. ನನಗೆ ಇವತ್ತಿಗೂ ಆ ಗೆರೆ ಮರೆತಿಲ್ಲ.

ಈಗ ಹೀಗೆ ಮಾಡುತ್ತೇನೆ. ಗೇಟು, ಒತ್ತುಪಟ್ಟಿ, ರೋಲರ್ ಎಲ್ಲವನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿಯಿಂದ ಒರೆಸುತ್ತೇನೆ. ಗಟ್ಟಿ ಕೆನೆ ಇದ್ದರೆ ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸುತ್ತೇನೆ. ಸ್ಕ್ರೂಡ್ರೈವರ್, ಬ್ಲೇಡು, ಪಿನ್ನು ಮುಟ್ಟಿಸುವುದೇ ಇಲ್ಲ, ಲೋಹಕ್ಕೆ ಬಿದ್ದ ಗೀರು ಮುಂದೆ ಪ್ರತಿ ಫಿಲ್ಮಿಗೂ ಬೀಳುತ್ತದೆ. ಆಮೇಲೆ ಬೇಡದ ಫಿಲ್ಮಿನ ತುಣುಕನ್ನು ಮೂರು ಸಲ ಓಡಿಸಿ, ಭೂತಗನ್ನಡಿಯಲ್ಲಿ ಎರಡೂ ಮೈ ನೋಡುತ್ತೇನೆ. ಆ ತುಣುಕು ಸ್ವಚ್ಛವಾಗಿ ಬಂದರೆ ಮಾತ್ರ ಮನೆಯ ರೀಲು. ಪ್ರತಿ ರೀಲಿನ ನಂತರ ಗೇಟು ಮತ್ತೊಮ್ಮೆ ಒರೆಸುತ್ತೇನೆ.

ಚಿತ್ರ ಕುಣಿಯುತ್ತದೆ, ಮಾತಿಗೂ ತುಟಿಗೂ ಹೊಂದುವುದಿಲ್ಲ. ಯಾಕೆ?

ಹೆಚ್ಚಿನ ಸಲ ಲೂಪಿನ ತಪ್ಪು. ಸ್ಪ್ರಾಕೆಟ್ ಒಂದೇ ಸಮ ತಿರುಗುತ್ತದೆ, ಗೇಟಿನಲ್ಲಿ ಫಿಲ್ಮ್ ನಿಂತು ನಿಂತು ಇಳಿಯುತ್ತದೆ. ಎರಡರ ನಡುವೆ ಸಡಿಲು ಬೇಕು, ಅದೇ ಲೂಪ್. ಅದು ಕಳೆದುಹೋದರೆ ಚಿತ್ರ ಕುಣಿಯುತ್ತದೆ, ತೂತು ಹರಿಯುತ್ತದೆ. ತಕ್ಷಣ ನಿಲ್ಲಿಸಿ.

16 ಎಂಎಂ ಆಪ್ಟಿಕಲ್ ಫಿಲ್ಮಿನಲ್ಲಿ, ಅಂದರೆ ಬೆಳಕಿನಿಂದ ಓದುವ ಸೌಂಡ್ ಟ್ರ್ಯಾಕ್ ಇರುವುದರಲ್ಲಿ, ಒಂದು ಚಿತ್ರದ ಧ್ವನಿ 26 ಚಿತ್ರ ಮುಂದೆ ಅಚ್ಚಾಗಿರುತ್ತದೆ. ಧ್ವನಿಗೆ ಕ್ಯಾಸೆಟ್ ಟೇಪಿನಂಥ ಪಟ್ಟಿ ಇರುವ ಸೂಪರ್ 8 ಮ್ಯಾಗ್ನೆಟಿಕ್‌ನಲ್ಲಿ 18. ಕೆಳಗಿನ ಲೂಪ್ ದೊಡ್ಡದೋ ಚಿಕ್ಕದೋ ಆದರೆ ಈ ಲೆಕ್ಕ ತಪ್ಪುತ್ತದೆ. ಧ್ವನಿ ಪೂರಾ ಇಲ್ಲದಿದ್ದರೆ 16 ಎಂಎಂನಲ್ಲಿ ಮೊದಲು ಸೌಂಡ್ ಟ್ರ್ಯಾಕಿಗೆ ಬೆಳಕು ಬಿಡುವ ಎಕ್ಸೈಟರ್ ಲ್ಯಾಂಪ್ ನೋಡಿ. ಆ ಪುಟ್ಟ ಬಲ್ಬು ಹೋದರೆ ಚಿತ್ರ ಓಡುತ್ತದೆ, ಮಾತು ಬರುವುದಿಲ್ಲ.

ಬೆಳಗಾವಿಯ ಮಳೆ, ವಿಜಯಪುರದ ಬಿಸಿಲು. ಹೇಗೆ ಇಡಬೇಕು?

ಎರಡು ಊರಿಗೆ ಎರಡು ಉತ್ತರ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆಯೇ ಒಣಗುವುದಿಲ್ಲ. ಲೆನ್ಸಿಗೂ ಫಿಲ್ಮಿಗೂ ಬೂಷ್ಟು ಹಿಡಿಯುವ ಕಾಲ ಅದು. ಲೆನ್ಸ್ ಬಿಚ್ಚಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣದ ಜೆಲ್ ಆದರೆ ನೀಲಿ ಹೋಗಿ ಗುಲಾಬಿಯಾದಾಗ ಬಿಸಿ ಮಾಡಿ ಒಣಗಿಸಬೇಕು. ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ, ಆ ನೀಲಿ ವಿಷ. ಚರ್ಮದ ಪೆಟ್ಟಿಗೆಯಲ್ಲಿ ಮಷೀನು ಮುಚ್ಚಿಡಬೇಡಿ, ಚರ್ಮ ತೇವ ಹೀರಿಕೊಳ್ಳುತ್ತದೆ.

ವಿಜಯಪುರ, ಬಾಗಲಕೋಟೆಯಲ್ಲಿ ಬೂಷ್ಟಿಗಿಂತ ಧೂಳು, ಬಿಸಿ ಹೆಚ್ಚು. ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ತಗಡಿನ ಅಟ್ಟದ ಮೇಲೆ ಫಿಲ್ಮ್ ಇಟ್ಟರೆ ಕುಗ್ಗುತ್ತದೆ, ಬಣ್ಣ ಹೋಗುತ್ತದೆ. ಮಣ್ಣಿನ ಮಾಳಿಗೆಯ ಮನೆ ಇದ್ದರೆ ಅದರ ಒಳಕೋಣೆ ಒಳ್ಳೆಯ ಜಾಗ. ಮಷೀನಿಗೆ ದಪ್ಪ ಹತ್ತಿ ಬಟ್ಟೆಯ ಹೊದಿಕೆ ಹೊಲಿಸಿ.

ಎರಡೂ ಕಡೆ ವರ್ಷಕ್ಕೆ ಮೂರು ನಾಲ್ಕು ಸಲ ಹತ್ತು ನಿಮಿಷ ಸುಮ್ನೆ ಓಡಿಸಿ.

ರೀಲಿನ ಡಬ್ಬಿ ತೆಗೆದರೆ ಹುಳಿ ವಾಸನೆ ಬರುತ್ತದೆ. ಏನದು?

ವಿನೆಗರ್ ಸಿಂಡ್ರೋಮ್. ಅಸಿಟೇಟ್ ಫಿಲ್ಮ್ ಬಿಸಿ, ತೇವಕ್ಕೆ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಮತ್ತೆ ಫಿಲ್ಮನ್ನು ಇನ್ನೂ ಬೇಗ ತಿನ್ನುತ್ತದೆ. ಗುಣವಾಗುವುದಿಲ್ಲ, ನಿಧಾನ ಮಾಡಬಹುದು ಅಷ್ಟೇ. ಆ ರೀಲನ್ನು ಉಳಿದವುಗಳಿಂದ ದೂರ ಇಡಿ, ತಂಪಾದ, ಒಣ ಜಾಗದಲ್ಲಿ. ಕಬ್ಬಿಣದ ಬಿಗಿ ಡಬ್ಬಿಯಿಂದ ತೆಗೆಯಿರಿ. ಸ್ಕ್ಯಾನ್ ಮಾಡಿಸುವುದಾದರೆ ಮೊದಲು ಅದನ್ನೇ ಮಾಡಿಸಿ.

ಓಡಿಸಬಹುದಾ ಅಂತ ನೋಡಲು ಒಂದು ಸುಲಭ ಪರೀಕ್ಷೆ. ಹೊಸ ಫಿಲ್ಮಿನ ನೂರು ತೂತುಗಳ ಪಕ್ಕ ಹಳೆಯದನ್ನು ಜೋಡಿಸಿ. ನೂರರಲ್ಲಿ ಒಂದು ತೂತಿನಷ್ಟು ವ್ಯತ್ಯಾಸ ಬಂದರೆ ನೂರಕ್ಕೆ ಒಂದರಷ್ಟು ಕುಗ್ಗಿದೆ. ಅಂಥದ್ದು ಪ್ರೊಜೆಕ್ಟರಿಗೆ ಬೇಡ.

ಹಳೆ ಫಿಲ್ಮಿಗೆ ಬೆಂಕಿ ಹತ್ತುತ್ತದೆ ಅಂತಾರಲ್ಲ?

ಅದು ನೈಟ್ರೇಟ್ ಫಿಲ್ಮ್. 1950ರ ದಶಕದ ಶುರುವಿನ ತನಕ 35 ಎಂಎಂನಲ್ಲಿ ಬಳಕೆಯಲ್ಲಿತ್ತು. 16 ಎಂಎಂ ಮನೆಬಳಕೆಗೆ ಅಂತಲೇ ಬಂದದ್ದು, ಮೊದಲಿಂದಲೂ ಸೇಫ್ಟಿ ಫಿಲ್ಮ್, ಅಂದರೆ ಹಾಗೆ ಭಗ್ಗನೆ ಬೆಂಕಿ ಹತ್ತದ್ದು. 8 ಎಂಎಂ ಕೂಡ ಹಾಗೇ.

ಪರದೆಯ ಮೇಲಿನದನ್ನು ಮೊಬೈಲಿನಲ್ಲಿ ತೆಗೆದರೆ ಸಾಕಲ್ವಾ?

ನೆನಪಿಗೆ ಸಾಕು. ಮಿಣುಕು ಬರುತ್ತದೆ. ಮೂರು ರೆಕ್ಕೆಯ ಶಟರ್ ಇರುವ ಮಷೀನನ್ನು ಸೆಕೆಂಡಿಗೆ 16 ಮತ್ತು ಮೂರನೇ ಎರಡು ಚಿತ್ರದ ವೇಗಕ್ಕೆ ಇಟ್ಟರೆ ಸೆಕೆಂಡಿಗೆ 50 ಸಲ ಬೆಳಕು ಬೀಳುತ್ತದೆ. ಮೊಬೈಲಿನಲ್ಲಿ 25 ಫ್ರೇಮ್, ಶಟರ್ ಐವತ್ತನೇ ಒಂದು ಇಟ್ಟರೆ ಮಿಣುಕು ಬಹುಮಟ್ಟಿಗೆ ಹೋಗುತ್ತದೆ. ಆದರೆ ಒಂದೇ ಪ್ರತಿ ಇರುವ ಮನೆಯ ಫಿಲ್ಮನ್ನು ಒಂದೊಂದೇ ಚಿತ್ರವಾಗಿ ಸ್ಕ್ಯಾನ್ ಮಾಡಿಸುವುದೇ ಸರಿ.

ರೀಲಿನಲ್ಲಿ ಊರಿನ ಜಾತ್ರೆ, ಸಭೆ, ಪ್ರವಾಹ, ಹಳೆಯ ಬೀದಿ ಏನಾದರೂ ಇದ್ದರೆ ಅದು ನಿಮ್ಮ ಮನೆಯದ್ದಷ್ಟೇ ಅಲ್ಲ. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ, ಬೆಳಗಾವಿಯಿಂದ ಒಂದು ರಾತ್ರಿಯ ಬಸ್ಸು. ಮುಂಬಯಿಯಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇದೆ. ಅವರ ಜೊತೆ ಒಮ್ಮೆ ಮಾತಾಡಿ.

ಸಿಕ್ಕ ಸಿನಿಮಾ ಪ್ರಿಂಟನ್ನು ಊರಲ್ಲಿ ಎಲ್ಲರಿಗೂ ತೋರಿಸಬಹುದಾ?

ಪ್ರಿಂಟು ನಿಮ್ಮ ಕೈಯಲ್ಲಿದ್ದರೆ ಹಕ್ಕು ನಿಮ್ಮದಾಗುವುದಿಲ್ಲ. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಕಾಪಿರೈಟ್ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. ಹಕ್ಕುದಾರರನ್ನು ಕೇಳಿ ತೋರಿಸಿ.

ಮಷೀನಿನ ದಾಖಲೆ ಇಡಬೇಕಾ?

ಇಡಿ, ಮಷೀನಿನ ಒಳಗೇ ಇಡಿ. ಕೆಲವು ವರ್ಷದ ಹಿಂದೆ ಬಾಗಲಕೋಟೆ ಕಡೆಯಿಂದ ಒಂದು 16 ಎಂಎಂ ಮಷೀನು ತಂದೆ. ಮುಚ್ಚಳ ತೆಗೆದರೆ ಒಳಮೈಗೆ ಒಂದು ಚೀಟಿ, ಅಂಚು ಕಂದಾಗಿತ್ತು. ನೀಲಿ ಮಸಿಯಲ್ಲಿ ದುಂಡಗಿನ ಕನ್ನಡ ಅಕ್ಷರ: ಎಣ್ಣೆ ಹಾಕಿದ ತಾರೀಕುಗಳು, ಬಲ್ಬು ಬದಲಿಸಿದ ದಿನ, ಕೊನೆಗೆ "ಕೆಳಗಿನ ಲೂಪ್ ಎರಡು ಬೆರಳು ಬಿಡಬೇಕು". ಓಡಿಸುತ್ತಿದ್ದವರು ಯಾರೋ ಗೊತ್ತಿಲ್ಲ. ಎರಡು ಬೆರಳು ಬಿಟ್ಟೆ, ಮಾತು ತುಟಿಗೆ ಸರಿಯಾಗಿ ಕೂತಿತು. ಆ ಚೀಟಿ ತೆಗೆದಿಲ್ಲ. ಅದರ ಕೆಳಗೆ ಇನ್ನೊಂದು ಅಂಟಿಸಿ, ಬಲ್ಬಿನ ಕೋಡು, ಬೆಲ್ಟಿನ ಉದ್ದ, ಈ ವರ್ಷ ಎಣ್ಣೆ ಹಾಕಿದ ತಾರೀಕು ಬರೆದಿದ್ದೇನೆ.